ಬ್ಯಾಣಕ್ಕೆ ಬೇಕಾದದ್ದು ಸಸಿಯಲ್ಲ

ಮುಂಗಾರು ಹಿಡಿಯಿತೆಂದರೆ ಮಲೆನಾಡಿನಲ್ಲಿ ಸಸಿ ನೆಡುವ ಸಡಗರ. ಶಾಲೆ, ಪಂಚಾಯಿತಿ, ಯುವಕ ಸಂಘ, ಅರಣ್ಯ ಇಲಾಖೆ ಎಲ್ಲರೂ ಗುಂಡಿ ತೋಡಿ ಕಾದಿರುತ್ತಾರೆ. 1950ರಲ್ಲಿ ಕೆ.ಎಂ. ಮುನ್ಶಿ ಅವರು ವನಮಹೋತ್ಸವಕ್ಕೆ ಚಾಲನೆ ಕೊಟ್ಟಂದಿನಿಂದ ಮರ ನೆಡುವುದೇ ಪರಿಸರದ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅದೇ ಮಳೆಗೆ, ಅದೇ ಹಸಿ ನೆಲದಲ್ಲಿ ಇನ್ನೊಂದು ಕೆಲಸವೂ ಆಗಬೇಕಿದೆ. ಅದು ಕೀಳುವ ಕೆಲಸ. ತಮ್ಮ ಬ್ಯಾಣ, ಸೊಪ್ಪಿನಬೆಟ್ಟಗಳಿಗೆ ನುಗ್ಗಿದ ಅಕೇಶಿಯಾ ಸಸಿಗಳನ್ನು ಕಿತ್ತು ಹಾಕುವ ರೈತರು, ಕಾಲೇಜು ಹುಡುಗರು, ಊರ ಹಿರಿಯರು ಅಲ್ಲಲ್ಲಿ ಇದ್ದಾರೆ. ಅವರ ಫೋಟೊ ಪತ್ರಿಕೆಯಲ್ಲಿ ಬರುವುದು ಅಪರೂಪ. ಸಸಿ ಹಿಡಿದು ನಿಂತವರ ಚಿತ್ರ ನೋಡಲು ಚೆಂದ. ಕಿತ್ತ ಗಿಡದ ರಾಶಿಯ ಪಕ್ಕ ಕೆಸರು ಮೆತ್ತಿಕೊಂಡು ನಿಂತವರು ಏನು ಮಾಡುತ್ತಿದ್ದಾರೆಂದು ಓದುಗರಿಗೆ ವಿವರಿಸಿಯೇ ಹೇಳಬೇಕು. ಆ ವಿವರಣೆ ಈಗ ಬೇಕಾಗಿದೆ ಎಂದು ನನಗೆ ಅನ್ನಿಸುತ್ತದೆ.

ಬ್ಯಾಣ ಕಾಡಲ್ಲ, ಬಯಲೂ ಅಲ್ಲ. ಮೇಲೆ ಗೇಣುದ್ದವೂ ಇಲ್ಲದ ಮಣ್ಣು, ಕೆಳಗೆ ಜಂಬಿಟ್ಟಿಗೆಯ ಹಾಸು. ಊರಿನ ಮೇಲ್ಬದಿಯ ಗುಡ್ಡದ ನೆತ್ತಿಯಲ್ಲೋ ಇಳಿಜಾರಿನಲ್ಲೋ ಇರುತ್ತದೆ. ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು ಬೆಳೆಯುತ್ತದೆ. ದೀಪಾವಳಿ ಕಳೆದ ಮೇಲೆ ಅದೇ ಒಣಗಿ ಕರಡವಾಗುತ್ತದೆ. ಹುಲ್ಲಿನ ನಡುವೆ ಕೌಳಿ ಮಟ್ಟಿ, ಮುಳ್ಳಣ್ಣಿನ ಪೊದೆ, ಗುಡ್ಡೆ ಕೇಪಳ, ನೆಕ್ಕರಕ, ಕುಂಟುನೇರಳೆ. ಅಲ್ಲೊಂದು ಇಲ್ಲೊಂದು ನೆಲ್ಲಿ, ಅಳಲೆ, ಕೌಲು, ಸಳ್ಳೆ. ತೀರ್ಥಹಳ್ಳಿ ಕಡೆ ಹಕ್ಕಲು ಎಂಬ ಮಾತೂ ಇದೆ. ಕುವೆಂಪು ಕಾದಂಬರಿಗಳನ್ನು ಓದಿದವರಿಗೆ ಈ ಹೆಸರುಗಳೆಲ್ಲ ಹೊಸವಲ್ಲ. ಕುಪ್ಪಳಿಯ ಸುತ್ತಿನ ಆ ಲೋಕದಲ್ಲಿ ದಟ್ಟ ಕಾಡು ಎಷ್ಟು ನಿಜವೋ ಊರಂಚಿನ ಹಕ್ಕಲು, ಹಾಡ್ಯಗಳೂ ಅಷ್ಟೇ ನಿಜ.

ಈ ನೆಲ ಬಡ ನೆಲ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆಗಳೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳು. ಸಾವಿರಾರು ವರ್ಷಗಳಿಂದ ಹೀಗೆ ತೊಳೆದು ತೊಳೆದು ಮಣ್ಣಿನ ಸಾರವೆಲ್ಲ ಹೊಳೆಗೆ ಹೋಗಿದೆ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದುಕೊಂಡು ಗಟ್ಟಿಯಾಗಿದೆ. ಮಣ್ಣು ಹುಳಿ. ಸಾರಜನಕ ತೀರಾ ಕಡಿಮೆ. ಹಾಗೆಂದು ಅದನ್ನು ಪಾಳು ಎನ್ನುವಂತಿಲ್ಲ. ಆ ಬಡತನಕ್ಕೇ ಹೊಂದಿಕೊಂಡ ಜೀವಗಳು ಅಲ್ಲಿವೆ, ಅವು ಇನ್ನೆಲ್ಲೂ ಹಾಗೆ ಬದುಕಲಾರವು.

ಶ್ರಾವಣದಲ್ಲಿ ಒಮ್ಮೆ ಬ್ಯಾಣದ ಕಲ್ಲುಹಾಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಹಾಸಿನ ತಗ್ಗಿನಲ್ಲಿ ಬೆರಳ ಗೆಣ್ಣಿನಷ್ಟು ನೀರು, ಅದರ ಅಂಚಿನಲ್ಲಿ ಕೆಂಪಗೆ ಮಿನುಗುವ ಪುಟ್ಟ ಗಿಡ. ಎಲೆಯ ಮೇಲೆ ಕೂದಲಿನಂಥ ಎಳೆಗಳು, ಪ್ರತಿ ಎಳೆಯ ತುದಿಗೂ ಒಂದು ಹನಿ. ಬೆಳಗಿನ ಇಬ್ಬನಿ ಎಂದುಕೊಂಡರೆ ಮಧ್ಯಾಹ್ನವಾದರೂ ಆರುವುದಿಲ್ಲ, ಏಕೆಂದರೆ ಅದು ಅಂಟು. ಸೊಳ್ಳೆ ಗಾತ್ರದ ಹುಳವೊಂದು ಬಂದು ಕೂತಿತೋ, ಕಾಲು ಸಿಕ್ಕಿಕೊಂಡಿತು. ಸುತ್ತಲಿನ ಎಳೆಗಳು ನಿಧಾನಕ್ಕೆ ಅದರತ್ತ ಬಾಗುತ್ತವೆ. ಇದು ಡ್ರೊಸೆರಾ. ಮಣ್ಣು ಕೊಡದ ಸಾರಜನಕವನ್ನು ಹುಳದ ಮೈಯಿಂದ ಪಡೆಯುವ ಗಿಡ. ಅಲ್ಲೇ ಪಕ್ಕದಲ್ಲಿ ನೇರಳೆ ಬಣ್ಣದ ಸಣ್ಣ ಹೂ ಬಿಡುವ ಯುಟ್ರಿಕ್ಯುಲೇರಿಯಾ ಇರುತ್ತದೆ. ಅದರ ಬೇಟೆ ನೀರಿನೊಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳಲ್ಲಿ. ಬೇಲಿಯಂಚಿಗೆ ಬಂದರೆ ಗೌರಿ ಹಬ್ಬದ ಹೊತ್ತಿಗೆ ಸರಿಯಾಗಿ ಅರಳುವ ಕೆಂಪು-ಹಳದಿ ಗೌರಿ ಹೂ. ಬೇಸಿಗೆಯಲ್ಲಿ ಟಿಟ್ಟಿಭ ಬರಿನೆಲದ ಮೇಲೆ, ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಮರದ ನೆರಳು ಬಿದ್ದ ಜಾಗದಲ್ಲಿ ಅದು ಮೊಟ್ಟೆ ಇಡುವುದಿಲ್ಲ. ನಾಲ್ಕೂ ದಿಕ್ಕು ಕಾಣದ ಕಡೆ ಅದಕ್ಕೆ ಧೈರ್ಯವಿಲ್ಲ.

ಊರಿಗೂ ಬ್ಯಾಣಕ್ಕೂ ಇದ್ದ ನಂಟು ಇದಕ್ಕಿಂತ ದೊಡ್ಡದು. ಮಲೆನಾಡು ಗಿಡ್ಡ ದನಗಳು ಮೇಯುತ್ತಿದ್ದದ್ದು ಅಲ್ಲಿ. ಕೊಟ್ಟಿಗೆಯ ಮಾಡಿಗೆ ಕರಡ ಬರುತ್ತಿದ್ದದ್ದು ಅಲ್ಲಿಂದ. ಭೂಮಿ ಹುಣ್ಣಿಮೆಯ ಚರಗಕ್ಕೆ ಬಗೆಬಗೆಯ ಸೊಪ್ಪು ಹುಡುಕುವಾಗ ಹೆಂಗಸರು ಹೋಗುತ್ತಿದ್ದದ್ದು ಬ್ಯಾಣದ ಅಂಚಿಗೆ. ಬೇಸಿಗೆ ರಜೆಯ ಮಕ್ಕಳಿಗೆ ಕೌಳಿ ಹಣ್ಣು, ಮುಳ್ಳಣ್ಣು, ನೇರಳೆ. ದನ ಮೇದು, ಜನ ಕರಡ ಕೊಯ್ದು, ಸೌದೆಗೆ ಪೊದೆ ಸವರಿ, ಬ್ಯಾಣ ಬ್ಯಾಣವಾಗಿಯೇ ಉಳಿದಿತ್ತು. ಕೈಬಿಟ್ಟರೆ ಅದರ ಗುಣವೇ ಕೆಡುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಾಡನ್ನು ಉಳಿಸಲು ಜನ ದೂರ ಇರಬೇಕು ಎಂಬ ಮಾತು ಕಾನಿಗೆ, ಅಂದರೆ ದಟ್ಟ ನಿತ್ಯಹಸಿರು ಕಾಡಿಗೆ ಸಲ್ಲಬಹುದು, ಬ್ಯಾಣಕ್ಕೆ ಸಲ್ಲದು.

ಕಾನಿನ ಅದೃಷ್ಟ ಚೆನ್ನಾಗಿತ್ತು ಎನ್ನಬೇಕು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ಮುಂದೆ ಮಾಧವ ಗಾಡ್ಗೀಳ್, ಎಂ.ಡಿ. ಸುಭಾಷ್‌ಚಂದ್ರನ್ ಮುಂತಾದವರು ಅವುಗಳ ಮಹತ್ವವನ್ನು ಬರೆದರು. ಬ್ಯಾಣಕ್ಕೆ ಅಂಥ ಬರಹಗಾರರು ಸಿಗಲಿಲ್ಲ. ಕಡತದಲ್ಲಿ ಅದು ಬೀಳು ಭೂಮಿ, ಹುಲ್ಲುಬನ್ನಿ, 'ಸಿ' ಮತ್ತು 'ಡಿ' ದರ್ಜೆ ಜಮೀನು. ಖಾಲಿ ಇದೆ ಎಂದು ಬರೆದಿಟ್ಟ ಜಾಗವನ್ನು ತುಂಬಿಸಲು ಯಾರಾದರೊಬ್ಬರು ಬಂದೇ ಬರುತ್ತಾರೆ.

ಕಾಗದಕ್ಕಾಗಿ ಬಂದ ಮರ

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಾಲ್ವಡಿಯವರ ಕಾಲದ್ದು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಕಾರ್ಖಾನೆಗೆ ಪಲ್ಪಿನ ಮರ ಬೆಳೆಸಲು 1980ರಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ನಮ್ಮ ಎಣಿಕೆಯಲ್ಲಿ ಸುಮಾರು 74 ಸಾವಿರ ಎಕರೆ. ಅದೇ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯೂ ಬಂತು. ನೀಲಗಿರಿಯ ಜೊತೆಗೆ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಎಂಬ ಮರ ಮಲೆನಾಡಿನ ಗುಡ್ಡಗಳಿಗೆ ಸಾಲುಸಾಲಾಗಿ ಇಳಿಯಿತು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಎಂಥ ಕಲ್ಲುನೆಲಕ್ಕೂ ಒಗ್ಗುತ್ತದೆ, ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ಮಣ್ಣನ್ನು ಫಲವತ್ತು ಮಾಡುತ್ತದೆ ಎಂದು ಆಗ ಅದನ್ನು ಹೊಗಳಿದರು. ಯಾವುದೂ ಸುಳ್ಳಲ್ಲ. ಆದರೆ ಬ್ಯಾಣದಲ್ಲಿ ಆ ಕೊನೆಯ ಗುಣವೇ ಮುಳುವಾಯಿತು. ಬಡ ಮಣ್ಣಿಗೆ ಹೊಂದಿಕೊಂಡ ಹುಲ್ಲು, ಡ್ರೊಸೆರಾದಂಥ ಗಿಡಗಳ ನಡುವೆ ಸಾರಜನಕ ಸುರಿಯುವ ಮರ ಬಂದು ನಿಂತರೆ, ಗೊಬ್ಬರ ಬೇಡುವ ಕಳೆಗಳಿಗೆ ಬಾಗಿಲು ತೆರೆದಂತೆ. ಯುಪಟೋರಿಯಂ, ಲಂಟಾನ ಹಿಂದೆಯೇ ಬಂದವು.

ಇನ್ನು ಅದರ ದರಗು. ಅಕೇಶಿಯಾದಲ್ಲಿ ನಾವು ಎಲೆ ಎಂದುಕೊಳ್ಳುವುದು ನಿಜವಾಗಿ ಚಪ್ಪಟೆಯಾದ ತೊಟ್ಟು. ತೊಗಲಿನಂತೆ ದಪ್ಪ, ಕೊಳೆಯುವುದು ನಿಧಾನ. ಅಡಿಕೆ ತೋಟಕ್ಕೆ ಮುಚ್ಚಿಗೆ ಹಾಕುವವರಿಗೆ ಮತ್ತಿ, ಕಿಂದಳದ ದರಗು ಹೇಗೆ ಗೊಬ್ಬರವಾಗುತ್ತದೆ, ಇದು ಹೇಗೆ ಹಾಗೇ ಬಿದ್ದಿರುತ್ತದೆ ಎಂಬುದು ಗೊತ್ತು. ಹುಲ್ಲಿನ ಬೀಜ ನೆಲ ಮುಟ್ಟದಂತೆ ಅದು ಹಾಸಿಕೊಳ್ಳುತ್ತದೆ. ಮಾರ್ಚ್ ಬಿಸಿಲಿಗೆ ಒಂದು ಕಿಡಿ ಬಿದ್ದರೆ ಸಾಕು.

ಬೆಂಕಿ ಬಿದ್ದ ಮೇಲಿನ ಕಥೆಯನ್ನು ತಿಳಿಯಲು ಅದರ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಿವಿಯಂತೆ ಸುರುಳಿ ಸುತ್ತಿದ ಕಂದು ಕಾಯಿ. ಬಾಯಿ ಬಿಟ್ಟಾಗ ಒಳಗಿನ ಕಪ್ಪು ಬೀಜ ಕಿತ್ತಳೆ ಬಣ್ಣದ ಎಳೆಯೊಂದರಲ್ಲಿ ಜೋತಾಡುತ್ತದೆ. ಹಕ್ಕಿಗಳಿಗೆ ಬೇಕಾದದ್ದು ಆ ಕಿತ್ತಳೆ ಎಳೆ. ಅದನ್ನು ತಿನ್ನಲು ಬಂದ ಹಕ್ಕಿ ಬೀಜವನ್ನೂ ಹೊತ್ತೊಯ್ದು ಪಕ್ಕದ ಬ್ಯಾಣದ ನೆಲ್ಲಿ ಮರದ ಮೇಲೆ ಕೂರುತ್ತದೆ. ಬೀಜದ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಮಲಗಬಲ್ಲದು. ಬೆಂಕಿಯ ಕಾವು ತಗುಲಿದರೆ ಎಚ್ಚರಾಗುತ್ತದೆ. ಕಾರ್ಖಾನೆ ನೆಟ್ಟದ್ದು ಒಂದು ಗುಡ್ಡದಲ್ಲಿ, ಹಬ್ಬಿದ್ದು ಸುತ್ತಲಿನ ಗುಡ್ಡಗಳಿಗೆಲ್ಲ. ಆನಂದಪುರದಿಂದ ರಿಪ್ಪನ್‌ಪೇಟೆ, ಹೊಸನಗರದ ಕಡೆ ಬಸ್ಸಿನಲ್ಲಿ ಕೂತು ಹೋದರೆ ಕಿಟಕಿಯ ಎರಡೂ ಬದಿ ಇದನ್ನೇ ಹೇಳುತ್ತವೆ.

ಕಿತ್ತಿಕೋ ಹಚ್ಚಿಕೋ

ಕೀಳುವ ಕೆಲಸ ಇಂದು ನಿನ್ನೆಯದಲ್ಲ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಕಟ್ಟಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ 30 ಸಾವಿರ ಹೆಕ್ಟೇರ್ 'ಸಿ', 'ಡಿ' ದರ್ಜೆ ಜಮೀನು ಅದಕ್ಕೆ ಹೋಗುವುದಿತ್ತು. ದನದ ಮೇವಿನ ನೆಲ ಕಳೆದುಕೊಳ್ಳಲಿದ್ದ ರೈತರು ಎದ್ದು ನಿಂತರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ಕಂಪನಿಯ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಕುಸನೂರಿನ ಸತ್ಯಾಗ್ರಹಕ್ಕೆ ನಾಲ್ಕು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಶುರುವಾಗಿತ್ತು. ಮರವನ್ನು ಅಪ್ಪಿಕೊಂಡ ಸೀಮೆಯ ಮಗ್ಗುಲಲ್ಲೇ ಜನ ಮರವನ್ನು ಕಿತ್ತರು. ಎರಡರಲ್ಲೂ ಇದ್ದದ್ದು ಒಂದೇ ತಿಳಿವಳಿಕೆ: ಯಾವ ನೆಲದಲ್ಲಿ ಏನಿರಬೇಕು ಎಂಬುದು ಅಲ್ಲಿ ಬದುಕುವವರಿಗೆ ಗೊತ್ತು.

ಮೂವತ್ತು ವರ್ಷ ಕಳೆದು ಅದೇ ಪ್ರಶ್ನೆ ಶಿವಮೊಗ್ಗಕ್ಕೆ ಮರಳಿತು. ಭದ್ರಾವತಿಯ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತ್ತು. 2020ರ ಆಗಸ್ಟಿನಲ್ಲಿ ನಲವತ್ತು ವರ್ಷದ ಗುತ್ತಿಗೆಯೂ ಮುಗಿಯಿತು. ಕಾಗದವೇ ತಯಾರಾಗದ ಮೇಲೆ ಪಲ್ಪಿನ ಮರ ಯಾಕೆ, ನೆಲ ಮತ್ತೆ ಸಹಜ ಕಾಡು, ಬ್ಯಾಣವಾಗಲಿ ಎಂದು ಜನ ಕಾದಿದ್ದರೆ, ಸುಮಾರು 20 ಸಾವಿರ ಹೆಕ್ಟೇರಿನ ಗುತ್ತಿಗೆಯನ್ನು ಇನ್ನೂ ನಲವತ್ತು ವರ್ಷಕ್ಕೆ ಮುಂದುವರಿಸುವ ಆದೇಶ ಹೊರಬಿತ್ತು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂಬ ಹೋರಾಟ ಹುಟ್ಟಿದ್ದು ಆಗ. ರೈತರು, ವಕೀಲರು, ಲೇಖಕರು, ಪರಿಸರದ ಕಾಳಜಿ ಇದ್ದವರು ಊರೂರಿನಲ್ಲಿ ಸಭೆ ಮಾಡಿದರು. ಸರ್ಕಾರ ನೀಲಗಿರಿ ನೆಡುವುದನ್ನು 2017ರಲ್ಲೇ ನಿಷೇಧಿಸಿತ್ತು ಎಂಬುದನ್ನು ನೆನೆದರೆ ಮಲೆನಾಡಿನ ಜನರ ಬೇಸರ ಎಷ್ಟು ನ್ಯಾಯವಾದದ್ದು ಎಂದು ತಿಳಿಯುತ್ತದೆ.

ಹೋರಾಟದ ಕೆಲಸ ಒಂದು, ನೆಲದ ಕೆಲಸ ಇನ್ನೊಂದು. ಆದೇಶ ರದ್ದಾದರೂ ಅಕೇಶಿಯಾ ತಾನಾಗಿ ಹೊರಟು ಹೋಗುವುದಿಲ್ಲ.

ನೆಲದ ಕೆಲಸಕ್ಕೆ ಕಾಲ ಮುಖ್ಯ. ಮೃಗಶಿರಾ ಮಳೆ ಹೊಯ್ದು ನೆಲ ಮೆತ್ತಗಾದ ಮೇಲೆ, ಆರಿದ್ರಾ, ಪುನರ್ವಸುವಿನ ಹೊತ್ತಿಗೆ, ಹೆಬ್ಬೆರಳು ದಪ್ಪದ ಸಸಿ ಕೂಡ ಬುಡ ಹಿಡಿದು ಎಳೆದರೆ ಬೇರುಸಹಿತ ಬರುತ್ತದೆ. ಬೇಸಿಗೆಯಲ್ಲಿ ಅದೇ ಸಸಿಗೆ ಹಾರೆ ಹಾಕಬೇಕು, ಆಗಲೂ ಬೇರು ಒಳಗೇ ಮುರಿಯುತ್ತದೆ. ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಗುರುತು. ಬೀಜದಿಂದ ಆಗತಾನೇ ಎದ್ದ ಅಕೇಶಿಯಾ ಮರದಂತೆ ಕಾಣುವುದಿಲ್ಲ. ಅದರ ಮೊದಲ ಎಲೆಗಳು ಹುಣಸೆ, ನಾಚಿಕೆಮುಳ್ಳಿನ ಎಲೆಯಂತೆ ಗರಿಗರಿ. ಕೆಲವು ವಾರದಲ್ಲಿ ತೊಟ್ಟು ಅಗಲವಾಗುತ್ತ ತುದಿಯಲ್ಲಿ ಮಾತ್ರ ಗರಿ ಉಳಿಯುತ್ತದೆ, ಆಮೇಲೆ ಅದೂ ಹೋಗಿ ಕುಡುಗೋಲಿನ ಆಕಾರದ ತೊಟ್ಟೆಲೆ ಮಾತ್ರ. ಈ ಮೂರೂ ರೂಪ ಒಂದೇ ಗಿಡದ್ದು ಎಂದು ತೋರಿಸದಿದ್ದರೆ ಉತ್ಸಾಹದಲ್ಲಿ ಬಂದವರು ನೆಲ್ಲಿಯ ಸಸಿಯನ್ನೂ ಕಿತ್ತುಬಿಡುತ್ತಾರೆ, ಏಕೆಂದರೆ ಅದರ ಎಲೆಯೂ ಹಾಗೇ ಸಣ್ಣದು. ನಾಲ್ಕು ಗಿಡ ಪಕ್ಕಪಕ್ಕದಲ್ಲಿ ಇಟ್ಟು, ಕೈಗೆ ಕೊಟ್ಟು, ಮುಟ್ಟಿಸಿ ತೋರಿಸುವ ಹಿರಿಯರೊಬ್ಬರು ಪ್ರತಿ ಗುಂಪಿಗೂ ಬೇಕು.

ದೊಡ್ಡ ಮರಗಳ ಲೆಕ್ಕ ಬೇರೆ. ಸ್ವಂತ ಜಮೀನಿನಲ್ಲಿದ್ದರೆ ಕಡಿದು ಸೌದೆಗೋ ಹಲಗೆಗೋ ಬಳಸಬಹುದು. ಅರಣ್ಯ ಭೂಮಿಯಲ್ಲಿ, ಸೊಪ್ಪಿನಬೆಟ್ಟದಲ್ಲಿ ಇಲಾಖೆಯ ಒಪ್ಪಿಗೆ ಇಲ್ಲದೆ ಕತ್ತಿ ಎತ್ತುವಂತಿಲ್ಲ, ಎತ್ತಲೂಬಾರದು. ಗ್ರಾಮ ಅರಣ್ಯ ಸಮಿತಿ ಇರುವ ಊರುಗಳಲ್ಲಿ ಮೊದಲು ಅಲ್ಲಿ ಠರಾವು ಮಾಡಿಸಿಕೊಂಡು ಹೊರಡುವುದು ಕ್ಷೇಮ.

ಜೀವಕ್ಕೆ ಸಂಬಂಧಿಸಿದ ಇನ್ನೊಂದು ಎಚ್ಚರವಿದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ ಸಾವುನೋವನ್ನು ಯಾರೂ ಮರೆತಿಲ್ಲ. ಕಾಯಿಲೆ ಹರಡುವ ಉಣುಗು ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ. ಪೇಟೆಯಿಂದ ಬರುವ ಸ್ವಯಂಸೇವಕರಿಗೆ ಅನುಕೂಲ ಎಂದು ಬೇಸಿಗೆ ರಜೆಯಲ್ಲಿ ಶಿಬಿರ ಇಡುವವರು ಇದನ್ನು ನೂರು ಸಲ ಯೋಚಿಸಬೇಕು. ಮಳೆಗಾಲದಲ್ಲಿ ಉಂಬಳ ಹತ್ತುತ್ತವೆ, ರಕ್ತ ಸುರಿಯುತ್ತದೆ, ಸುಣ್ಣವೋ ಉಪ್ಪೋ ಹಚ್ಚಿದರೆ ಮುಗಿಯಿತು, ಜೀವಕ್ಕೆ ಅಪಾಯವಿಲ್ಲ. ಗಿಡ ಸುಲಭಕ್ಕೆ ಬರುವ ಕಾಲವೂ ಉಣುಗು ಕಡಿಮೆ ಇರುವ ಕಾಲವೂ ಒಂದೇ ಆಗಿರುವುದು ನಮ್ಮ ಪುಣ್ಯ.

ಇಂಗ್ಲೆಂಡಿನಲ್ಲಿ ಹೀತ್ ಎಂಬ ಕುರುಚಲು ಬಯಲುಗಳಿವೆ. ಅಲ್ಲಿಯದೂ ಹುಳಿ ಮಣ್ಣು, ಬಡ ನೆಲ, ದನಕುರಿ ಮೇದು ಜನ ಸೌದೆ ಕಡಿದು ಉಳಿದುಬಂದ ಬಯಲು. ಅಲ್ಲಿಯೂ ಡ್ರೊಸೆರಾ ಇದೆ. 1800ರಿಂದೀಚೆಗೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹೀತ್ ನಾಶವಾಯಿತು. ಬಹಳಷ್ಟು ಕಡೆ ಪೈನ್ ನೆಟ್ಟರು, ಉಳಿದ ಕಡೆ ಉತ್ತರು, ಕಟ್ಟಿದರು. ಈಗ ಚಳಿಗಾಲದ ಭಾನುವಾರಗಳಲ್ಲಿ ಅಲ್ಲಿನ ಸ್ವಯಂಸೇವಕರು ಪೈನ್, ಬರ್ಚ್ ಸಸಿಗಳನ್ನು ಕೀಳುತ್ತಾರೆ, ಮತ್ತೆ ದನ, ಕುದುರೆಗಳನ್ನು ಮೇಯಲು ಬಿಡುತ್ತಾರೆ. ಕಳೆದುಕೊಂಡ ಮೇಲೆ ಅವರು ಕಲಿತ ಪಾಠವನ್ನು ನಾವು ಕಳೆದುಕೊಳ್ಳುವ ಮೊದಲೇ ಕಲಿಯಲು ಇನ್ನೂ ಸಮಯವಿದೆ.

ಅಕೇಶಿಯಾದ ಪರವಾದ ಮಾತು

ಇದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಒಲೆ ಎಷ್ಟು ಸೌದೆ ತಿನ್ನುತ್ತದೆ ಎಂಬುದು ಅಡಿಕೆ ಮನೆಗಳಿಗೆ ಗೊತ್ತು. ಅಕೇಶಿಯಾ ಇಲ್ಲದಿದ್ದರೆ ಆ ಕೊಡಲಿ ಕಾನಿನ ಮೇಲೆ ಬೀಳುತ್ತಿತ್ತು. ಪೂರ್ತಿ ಬೋಳಾಗಿದ್ದ ಗುಡ್ಡಗಳಲ್ಲಿ ಅದರ ನೆರಳಿನಡಿ, ಬೆಂಕಿ ಬೀಳದ ಕಡೆ, ಕಾಡುಜಾತಿಯ ಸಸಿಗಳು ತಾವಾಗಿ ಎದ್ದದ್ದೂ ಉಂಟು. ಮುಂಚೆ ಕಾಡೇ ಇದ್ದ ಜಾಗವಾದರೆ ಅಕೇಶಿಯಾವನ್ನು ಒಮ್ಮೆಲೇ ಬೋಳಿಸದೆ, ಸ್ವಲ್ಪ ಸ್ವಲ್ಪ ತೆಳುವು ಮಾಡುತ್ತ, ಕೆಳಗೆ ಎದ್ದ ಸಳ್ಳೆ, ಮತ್ತಿ, ಮುರುಗಲು, ಉಪ್ಪಾಗೆಗೆ ಬಿಸಿಲು ಬಿಟ್ಟುಕೊಡುವುದೇ ಸರಿಯಾದ ದಾರಿ. ಬ್ಯಾಣವಾದರೆ ಈ ದಾರಿ ತಪ್ಪು. ಅಲ್ಲಿ ಅಕೇಶಿಯಾ ಕಿತ್ತ ಗುಂಡಿಯಲ್ಲಿ ಹೊನ್ನೆ, ಬೀಟೆ ನೆಟ್ಟರೂ ಅದು ಬ್ಯಾಣವನ್ನು ಮುಚ್ಚುವ ಕೆಲಸವೇ. ಆದ್ದರಿಂದ ಪ್ರತಿ ಗುಡ್ಡಕ್ಕೂ ಮೊದಲು ಒಂದು ಪ್ರಶ್ನೆ ಹಾಕಬೇಕು: ಇಲ್ಲಿ ಹಿಂದೆ ಏನಿತ್ತು? ಉತ್ತರ ಎಪ್ಪತ್ತು ದಾಟಿದ, ಬಾಲ್ಯದಲ್ಲಿ ದನ ಕಾಯ್ದವರ ಬಳಿ ಇದೆ. ಯಾವ ಗುಡ್ಡದಲ್ಲಿ ಕರಡ ಕೊಯ್ಯುತ್ತಿದ್ದರು, ಯಾವುದರಲ್ಲಿ ಸೊಪ್ಪು ಸವರುತ್ತಿದ್ದರು, ಯಾವುದಕ್ಕೆ ಹೋಗಲು ಹೆದರುತ್ತಿದ್ದರು ಎಂದು ಅವರು ಕೂತಲ್ಲೇ ಹೇಳಬಲ್ಲರು. ಆ ತಲೆಮಾರು ಇರುವಾಗಲೇ ಇದನ್ನು ಬರೆದಿಟ್ಟುಕೊಳ್ಳಬೇಕು. ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರುವುದು, ಜನತಾ ಜೀವವೈವಿಧ್ಯ ದಾಖಲೆಗಳು ಇರುವುದು ಇದಕ್ಕಾಗಿಯೇ. ಎಷ್ಟೋ ಕಡೆ ಅವು ಕಪಾಟಿನಲ್ಲಿವೆ.

ಬ್ಯಾಣಕ್ಕೆ ಅಕೇಶಿಯಾಕ್ಕಿಂತ ಹತ್ತಿರದ ಅಪಾಯ ಈಗ ಜೆಸಿಬಿ. ಅಡಿಕೆಯ ಬೆಲೆ ಏರಿದಂತೆ ತೋಟ ಗುಡ್ಡ ಹತ್ತಿದೆ. ಸಾವಿರಾರು ವರ್ಷದ ಕಲ್ಲುಹಾಸನ್ನು ಒಂದು ವಾರದಲ್ಲಿ ಒಡೆದು, ಮೆಟ್ಟಿಲು ಮಾಡಿ, ಕೊಳವೆಬಾವಿಯ ನೀರು ಕೊಡಲಾಗುತ್ತಿದೆ. ಎಲೆಚುಕ್ಕಿ ರೋಗದಿಂದ ಹಳೆಯ ತೋಟ ಸೊರಗಿದವರ ಕಷ್ಟ ನನಗೆ ಅರ್ಥವಾಗುತ್ತದೆ, ಹೊಸ ನೆಲ ಹುಡುಕುವುದು ಅವರಿಗೆ ಹೊಟ್ಟೆಪಾಡು. ಆದರೂ ಹೇಳಲೇಬೇಕು: ಗಿಡ ಕಿತ್ತು ಬ್ಯಾಣವನ್ನು ಮರಳಿ ತರಬಹುದು, ಕಲ್ಲುಹಾಸು ಒಡೆದ ಮೇಲೆ ತರಲಾಗದು.

ಹುಲ್ಲುಗಾವಲಿಗೂ ಕಾನೂನಿನ ಗೌರವ ಸಿಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ಅಂಬಾರಗುಡ್ಡವಿದೆ. ಶರಾವತಿ ಮತ್ತು ಸೋಮೇಶ್ವರ ಅಭಯಾರಣ್ಯಗಳ ನಡುವಿನ ಕಂದಾಯ ಭೂಮಿ ಅದು, ಶೋಲಾ ಕಾಡು ಮತ್ತು ಹುಲ್ಲುಗಾವಲು ಸೇರಿದ 3,857 ಹೆಕ್ಟೇರ್. ಅಲ್ಲಿ ಗಣಿಗಾರಿಕೆ ಶುರುವಾದಾಗ ಈ ಸೀಮೆಯ ಜನ ಬೀದಿಗಿಳಿದರು. 2011ರಲ್ಲಿ ಅದು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕೊಡಚಾದ್ರಿಯ ನೆತ್ತಿಯ ಹುಲ್ಲನ್ನು ನೋಡಲು ಜೀಪು ಹತ್ತಿ ಬರುವ ಸಾವಿರಾರು ಜನರಿಗೆ ಊರ ಹಿಂದಿನ ಬ್ಯಾಣವೂ ಅದೇ ಕುಟುಂಬದ್ದು ಎಂದು ಹೇಳುವವರು ಬೇಕು.

ಕೀಳುವ ಕೆಲಸ ಒಂದು ಮಳೆಗೆ ಮುಗಿಯುವುದಿಲ್ಲ. ಮಣ್ಣಿನಲ್ಲಿ ಮಲಗಿದ ಬೀಜ ವರ್ಷವರ್ಷವೂ ಏಳುತ್ತದೆ. ಮೊದಲ ವರ್ಷ ಕಿತ್ತು ಫೋಟೊ ತೆಗೆಸಿಕೊಂಡು ಎರಡನೇ ವರ್ಷ ಹೋಗದಿದ್ದರೆ ಗಿಡ ಮೊದಲಿಗಿಂತ ದಟ್ಟವಾಗುತ್ತದೆ. ಬೆಂಕಿ ತಡೆಯಬೇಕು, ಕರಡ ಕೊಯ್ಯಬೇಕು, ಸಾಧ್ಯವಾದರೆ ಎರಡು ಗಿಡ್ಡ ದನ ಬಿಡಬೇಕು. ಇಡೀ ಗುಡ್ಡಕ್ಕೆ ಕೈ ಹಾಕಿ ಸೋಲುವುದಕ್ಕಿಂತ ಅರ್ಧ ಎಕರೆ ಆರಿಸಿಕೊಂಡು, ಮೇಲಿನ ಅಂಚಿನಿಂದ ಶುರುಮಾಡಿ, ಬೀಜ ಬಿಡುವ ತಾಯಿಮರ ಯಾವುದೆಂದು ನೋಡಿ ಅದನ್ನು ಮೊದಲು ತೆಗೆಯುವುದು ಮೇಲು. ಕಿತ್ತ ಸಸಿಯ ಬೇರಿನ ಮಣ್ಣು ಕೊಡವಿ ಕಲ್ಲಿನ ಮೇಲೆ ಮಗುಚಿ ಹಾಕಬೇಕು. ಹಸಿ ನೆಲದ ಮೇಲೆ ಬಿಟ್ಟರೆ ಮರುದಿನದ ಮಳೆಗೆ ಮತ್ತೆ ಬೇರು ಹಿಡಿಯಬಹುದು.